ಕಲ್ಲಿನೊಳಗೆ ಕಬ್ಬಿಣದ ಸಂಚಾರ

ಬಾದಾಮಿಯ ಗುಹಾದೇವಾಲಯಗಳನ್ನು ಕಂಡವರಾರೂ ಅಲ್ಲಿನ ಬಂಡೆಯ ಕೆಂಪನ್ನು ಮರೆಯಲಾರರು. ಮರಳಿನ ಕಣವೋ ಬಣ್ಣವಿಲ್ಲದ ಬೆಣಚುಕಲ್ಲಿನ ಚೂರು. ಅದರಿಂದಾದ ಕಲ್ಲಿಗೆ ಈ ರಂಗು ಬಂದುದೆಲ್ಲಿಂದ? ಕಬ್ಬಿಣದಿಂದ! ಈ ಕಬ್ಬಿಣವು ಮರಳುಗಲ್ಲಿನೊಳಗೆ ಹೇಗೆ ನೆಲೆಸುತ್ತದೆ, ಹೇಗೆ ಎದ್ದುಹೋಗುತ್ತದೆ ಎಂಬ ಕಥೆಯನ್ನು ಸ್ಪಷ್ಟವಾಗಿ ಓದಬೇಕಾದರೆ ಅಮೆರಿಕದ ಯೂಟಾ ಸಂಸ್ಥಾನಕ್ಕೆ ಹೋಗಬೇಕು.

ಅಲ್ಲಿ ‘ನವಾಹೋ’ ಎಂಬ ಮರಳುಗಲ್ಲು ವಿಸ್ತಾರವಾಗಿ ಹಬ್ಬಿದೆ. ಸುಮಾರು 19 ಕೋಟಿ ವರ್ಷಗಳ ಹಿಂದೆ ಅದು ಗಾಳಿಯು ಕಟ್ಟಿದ ಮರಳುದಿಬ್ಬಗಳ ಮಹಾ ಮರುಭೂಮಿ. ಮೇಲೆ ಪದರದ ಮೇಲೆ ಪದರ ಬಿದ್ದು ದಿಬ್ಬಗಳು ನೆಲದಾಳದಲ್ಲಿ ಹೂತುಹೋದವು. ಮರಳಿನೊಡನೆ ಬೆರೆತಿದ್ದ, ಕಬ್ಬಿಣದ ಅಂಶವುಳ್ಳ ಕಪ್ಪು ಖನಿಜಗಳು ಅಂತರ್ಜಲದಲ್ಲಿ ಮೆಲ್ಲಮೆಲ್ಲನೆ ಶಿಥಿಲವಾದವು. ಹೊರಬಂದ ಕಬ್ಬಿಣವು ನೀರಿನಲ್ಲಿದ್ದ ಆಮ್ಲಜನಕದೊಡನೆ ಕೂಡಿ ಮೊದಲು ಹಳದಿಗಂದು ತುಕ್ಕಾಯಿತು. ಕಾಲಕ್ರಮದಲ್ಲಿ ಜಲಾಂಶವನ್ನು ಕಳೆದುಕೊಂಡು ‘ಹೆಮಟೈಟ್’ ಎಂಬ ಕೆಂಪು ಖನಿಜವಾಗಿ ಕಣಕಣಕ್ಕೂ ತೆಳುವಾದ ಹೊದಿಕೆಯಾಯಿತು. ಇಡೀ ಬಂಡೆ ಕೆಂಪಾಗಲು ನೂರರಲ್ಲಿ ಒಂದು ಪಾಲು ಕಬ್ಬಿಣವೂ ಬೇಕಿಲ್ಲ!

ಆದರೆ ಅದೇ ಬಂಡೆ ಹಲವೆಡೆ ಹಾಲಿನಂತೆ ಬಿಳುಪಾಗಿದೆ. ತುಕ್ಕು ಸಾಮಾನ್ಯವಾಗಿ ನೀರಿನಲ್ಲಿ ಕರಗದು. ಆದರೆ ಕಲ್ಲೆಣ್ಣೆ ಅಥವಾ ನೈಸರ್ಗಿಕ ಅನಿಲದ ಸಂಪರ್ಕ ಪಡೆದ ನೀರು ಆ ತುಕ್ಕಿನಿಂದ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಆಗ ಕಬ್ಬಿಣವು ಕರಗುವ ರೂಪವನ್ನು ತಾಳಿ ನೀರಿನೊಡನೆ ಪಯಣ ಹೊರಡುತ್ತದೆ. ಹಿಂದುಳಿದ ಬಂಡೆ ಬಿಳಿಚಿಕೊಳ್ಳುತ್ತದೆ. ದಾರಿಯಲ್ಲಿ ಆಮ್ಲಜನಕವುಳ್ಳ ನೀರು ಎದುರಾದೊಡನೆ ಕಬ್ಬಿಣ ಮತ್ತೆ ಗಟ್ಟಿಯಾಗಿ, ಮರಳನ್ನು ಬಿಗಿದು ಗುಂಡುಗಳನ್ನು ಕಟ್ಟುತ್ತದೆ. ಇವು ಬಟಾಣಿಯಷ್ಟೂ ಇರಬಹುದು, ಚೆಂಡಿನಷ್ಟೂ ಇರಬಹುದು. ಎಷ್ಟೋ ಗುಂಡುಗಳ ಹೊರಗೆ ಕಬ್ಬಿಣದ ಚಿಪ್ಪು, ಒಳಗೆ ಬರಿಯ ಮರಳು! ಸುತ್ತಲಿನ ಮೆದುಗಲ್ಲು ಗಾಳಿಮಳೆಗೆ ಸವೆದಾಗ ಇವು ಉದುರಿ, ಮಕ್ಕಳು ಆಡಿ ಚೆಲ್ಲಿದ ಗೋಲಿಗಳಂತೆ ನೆಲದ ಮೇಲೆ ಬಿದ್ದಿರುತ್ತವೆ. ಹೋಪಿ ಜನಾಂಗದ ಹಳೆಯ ಹೆಸರಿನಿಂದ ಅವನ್ನು ‘ಮೋಕಿ ಗೋಲಿ’ಗಳೆಂದು ಕರೆಯುತ್ತಾರೆ.

2004ರ ಜನವರಿಯಲ್ಲಿ ‘ಆಪರ್ಚುನಿಟಿ’ ಎಂಬ ಯಂತ್ರವಾಹನ ಮಂಗಳಗ್ರಹದ ಮೇಲಿಳಿದಾಗ ಅದರ ಕಣ್ಣಿಗೆ ಬಿದ್ದುದೇನು? ನೆಲದ ತುಂಬ ಹರಡಿದ್ದ ಪುಟ್ಟ ಗುಂಡುಗಳು! ಪರೀಕ್ಷಿಸಿದಾಗ ಅವುಗಳಲ್ಲಿಯೂ ಹೆಮಟೈಟ್ ಕಂಡಿತು. ಅದೇ ವರ್ಷ ಯೂಟಾ ವಿಶ್ವವಿದ್ಯಾನಿಲಯದ ಮಾರ್ಜರಿ ಚಾನ್ ಮತ್ತು ಸಂಗಡಿಗರು ತಮ್ಮ ನಾಡಿನ ಗೋಲಿಗಳನ್ನು ಇವುಗಳೊಡನೆ ಹೋಲಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು.

ಮಂಗಳನಲ್ಲಿ ಕಲ್ಲೆಣ್ಣೆ ಇತ್ತೆಂದು ಇದರ ಅರ್ಥವಲ್ಲ. ಕಬ್ಬಿಣವನ್ನು ಕರಗಿಸಿ ಸಾಗಿಸುವ ಬಗೆಗಳು ಬೇರೆಯೂ ಉಂಟು. ಆದರೆ ಅಲ್ಲಿಯ ಕಲ್ಲಿನೊಳಗೂ ಒಮ್ಮೆ ನೀರು ಸುಳಿದಾಡಿತ್ತೆಂಬುದಕ್ಕೆ ಆ ಗುಂಡುಗಳು ಸಾಕ್ಷಿಯೆಂದು ಬಹುಮಂದಿ ವಿಜ್ಞಾನಿಗಳ ಮತ. ನೀರಿದ್ದಲ್ಲಿ ಜೀವವೂ ಇದ್ದಿತೇ? ಆ ಪ್ರಶ್ನೆಗೆ ಉತ್ತರ ಇನ್ನೂ ದೊರೆತಿಲ್ಲ.