ವೇದಾವತಿ ದಂಡೆಯ ಗಡಿಯೂರು

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಹಿರಿಯೂರು ಊಟಕ್ಕೆ ಬಸ್ಸು ನಿಲ್ಲುವ ಊರು. ವೇದಾವತಿ ದಂಡೆಯ ಈ ಊರಿನ ಮೇಲೆ ನನಗೆ ಅಕ್ಕರೆ ಹುಟ್ಟಿಸಿದವನು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ.

1799ರಲ್ಲಿ ಟಿಪ್ಪು ಮಡಿದ. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ ಎಂದು ತಿಳಿದುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದು ಇವನನ್ನೇ. 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟವನು ಮೈಸೂರು, ಮಲಬಾರು, ಕೆನರಾ ಸುತ್ತಿ, ಘಟ್ಟ ಹತ್ತಿ, ನಗರ, ಚಿತ್ರದುರ್ಗದ ಮೇಲೆ 1801ರ ಬೇಸಿಗೆಗೆ ಹಿರಿಯೂರು ಮುಟ್ಟಿದ. ಹೋದಲ್ಲೆಲ್ಲ ರೈತರನ್ನು, ನೇಕಾರರನ್ನು, ದನಗಾಹಿಗಳನ್ನು ಕೂರಿಸಿಕೊಂಡು ಕೇಳುವುದೇ ಕೆಲಸ: ಯಾವ ಮಣ್ಣಿಗೆ ಯಾವ ಬೀಜ, ಕೊಳಗಕ್ಕೆ ಎಷ್ಟು ಸೇರು, ಮದುವೆಗೆ ತೆರ ಎಷ್ಟು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸದ ದಿನಚರಿಯ ಒಂದು ಅಧ್ಯಾಯ ಹಿರಿಯೂರಿಗೆ ಬಂದು ಮುಗಿಯುತ್ತದೆ. ಮುಂದಿನದು ಹಿರಿಯೂರಿನಿಂದಲೇ ಹೊರಟು ಶ್ರೀರಂಗಪಟ್ಟಣ ಸೇರುತ್ತದೆ. ಬರೆಸಿದ್ದು ಕಂಪನಿಯ ಲಾಭಕ್ಕೆ, ನಿಜ. ಉತ್ತರ ಕೊಟ್ಟವರು ನಮ್ಮವರು. ರಾಜರ ವಂಶಾವಳಿಗಿಂತ ಈ ಬೀಜ-ಸೇರುಗಳ ಲೆಕ್ಕವೇ ನಮ್ಮ ಹಿಂದಿನವರ ಬದುಕಿಗೆ ಹತ್ತಿರ ಎಂದು ನಾನು ನಂಬಿದ್ದೇನೆ.

ಆ ಹೊತ್ತಿಗೆ ಊರು ಗಡಿಗೆ ಬಿದ್ದಿತ್ತು. 1779ರಲ್ಲಿ ಹೈದರ್ ಚಿತ್ರದುರ್ಗ ಹಿಡಿದು ಅಲ್ಲಿನ ಪಾಳೆಯಗಾರ ಮದಕರಿ ನಾಯಕನನ್ನು ಸೆರೆ ಒಯ್ದ ಮೇಲೆ ಪಾಳೆಯಪಟ್ಟು ಮುಗಿಯಿತು. 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಹಿರಿಯೂರು ಮೈಸೂರು ಒಡೆಯರದು. ಅದೇ ವೇದಾವತಿ ಹಗರಿಯೆನಿಸಿಕೊಂಡು ಹರಿಯುವ ಬಳ್ಳಾರಿ ಸೀಮೆ ಥಾಮಸ್ ಮನ್ರೋನ ಕಲೆಕ್ಟರಿಕೆ. ಇಂದೂ ಧರ್ಮಪುರ ಹೋಬಳಿ ದಾಟಿದರೆ ಆಂಧ್ರ. 1831ರಲ್ಲಿ ಬ್ರಿಟಿಷ್ ಕಮಿಷನರ ಆಳ್ವಿಕೆ ಬಂದಾಗ ಊರು ಚಿತ್ರದುರ್ಗ ವಿಭಾಗಕ್ಕೆ ಸೇರಿತು.

ನದಿಗೆ ಕಟ್ಟೆ ಬಿದ್ದದ್ದು ತೀರ ತಡವಾಗಿ. ಗುಡ್ಡಗಳ ನಡುವೆ ವೇದಾವತಿ ನುಸುಳುವ ಮಾರಿಕಣಿವೆಯಲ್ಲಿ 1898ರಲ್ಲಿ ಶುರುವಾದ ಕೆಲಸ 1907ಕ್ಕೆ ಮುಗಿಯಿತು. ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರು ಜಲಾಶಯಕ್ಕೆ ನಿಂತಿತು. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ಮೂರು ತಲೆಮಾರು ಒಣ ಕೋಡಿಯನ್ನೇ ನೋಡಿತು.

ಬುಕಾನನ್ ಬರೆದ ಹಿರಿಯೂರಿನ ಪುಟಗಳು ಸರಳ ಕನ್ನಡದಲ್ಲಿ ಪುಟ್ಟ ಪುಸ್ತಿಕೆಯಾಗಿ ತಾಲ್ಲೂಕಿನ ಪ್ರತಿ ಶಾಲೆಗೂ ತಲುಪಬೇಕು. ತೇರುಮಲ್ಲೇಶ್ವರನ ತೇರಿಗೆ ಸಾವಿರಾರು ಜನ ಸೇರುವ ಊರಿದು, ದಾನಿಗಳಿಗೆ ಕೊರತೆಯಿಲ್ಲ. ಯಾರಾದರೂ ಮುಂದೆ ಬನ್ನಿ.