ನಿಮಗಿದು ಗೊತ್ತೇ? ಹಟ್ಟಿ ಚಿನ್ನ, ಸಿಂಧನೂರಿನ ಅಕ್ಕಿ, ಎಂಆರ್‌ಐ ಕೋಣೆ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯ ಅಪ್ಪಟ ಚಿನ್ನವನ್ನು ಎಂಆರ್‌ಐ ಯಂತ್ರದ ಅಯಸ್ಕಾಂತ ಎಳೆಯದು. ಆದರೂ ಸ್ಕ್ಯಾನಿಂಗ್‌ಗೆ ಮುನ್ನ ತಾಳಿ, ಬೆಂಡೋಲೆ ಬಿಚ್ಚಿಸುತ್ತಾರೆ. ಒಡವೆಯಲ್ಲಿ ಬೇರೆ ಲೋಹ ಬೆರೆತಿರಬಹುದು, ಯಂತ್ರದ ರೇಡಿಯೊ ಅಲೆಗೆ ಕಾದು ಚರ್ಮ ಸುಡಬಹುದು. ಕುತ್ತಿಗೆ, ಬಾಯಿಯ ಬಳಿಯ ಲೋಹ ಚಿತ್ರವನ್ನೂ ಕೆಡಿಸುತ್ತದೆ. ಹಲ್ಲಿನ ಲೋಹದ ಕ್ಯಾಪ್ ಕೂಡ.

ಸಾಮಾನ್ಯ ಯಂತ್ರದ ಬಲ 1.5 ಟೆಸ್ಲಾ. ಭೂಮಿಯ ಕಾಂತಬಲಕ್ಕಿಂತ ಸುಮಾರು 30 ಸಾವಿರ ಪಟ್ಟು! ರಾತ್ರಿ ಕೋಣೆಗೆ ಬೀಗ ಹಾಕಿದರೂ ಅಯಸ್ಕಾಂತ ಮಲಗುವುದಿಲ್ಲ. ಅದನ್ನು ತಣ್ಣಗಿಡುವ ದ್ರವ ಹೀಲಿಯಂ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನದು. ಮೇ ತಿಂಗಳ ರಾಯಚೂರು ಸೀಮೆಯವರಿಗೆ ಇದು ಕಟ್ಟುಕಥೆ ಅನ್ನಿಸೀತು.

ಅಶೋಕನ ಹೆಸರಿರುವ ಮಸ್ಕಿ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್‌ಗೆ. ಎಂಆರ್‌ಐ ಕಥೆಯೂ ಅಂಥದ್ದೇ, ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು: 1946ರಲ್ಲಿ ವಿಜ್ಞಾನಿಗಳಾದ ಬ್ಲಾಕ್ ಮತ್ತು ಪರ್ಸೆಲ್ ಬೆನ್ನು ಹತ್ತಿದ್ದು ಪರಮಾಣು ಬೀಜದ ಗುಟ್ಟನ್ನು, ರೋಗದ ಮಾತೇ ಇರಲಿಲ್ಲ. ಅದನ್ನು ಚಿತ್ರವಾಗಿಸಿದ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್‌ಗೆ ನೊಬೆಲ್ ಸಿಕ್ಕಿದ್ದು 2003ರಲ್ಲಿ.

ಸಿಂಧನೂರಿನ ಸೋನಾ ಮಸೂರಿ ಅಕ್ಕಿಕಾಳಿನ ಉದ್ದ ಹೆಚ್ಚುಕಡಿಮೆ 5 ಮಿಲಿಮೀಟರ್. ಬಾಯಿ ಕ್ಯಾನ್ಸರಿನ ಲೆಕ್ಕದಲ್ಲಿ ಆ ಒಂದು ಕಾಳು ದೊಡ್ಡದು. ಗಡ್ಡೆ ಮೇಲ್ನೋಟಕ್ಕೆ ಎರಡು ಸೆಂಟಿಮೀಟರ್ ದಾಟದಿದ್ದರೂ ಒಳಗೆ 5 ಮಿಲಿಮೀಟರಿಗಿಂತ ಆಳಕ್ಕಿಳಿದಿದ್ದರೆ ಮೊದಲ ಹಂತದಲ್ಲಿ ಉಳಿಯುವುದಿಲ್ಲ. ನಾಲಿಗೆಯಲ್ಲಿ ಈ ಆಳ ಅಳೆಯಲು ಎಂಆರ್‌ಐ ಒಳ್ಳೆಯ ಸಾಧನ. ನರದ ಗುಂಟ ಹರಿದ ಕ್ಯಾನ್ಸರು, ದವಡೆಯ ಮಜ್ಜೆಗಿಳಿದ ಕ್ಯಾನ್ಸರು ಅದಕ್ಕೆ ಚೆನ್ನಾಗಿ ಕಾಣುತ್ತದೆ. ದವಡೆ ಎಲುಬಿನ ಗಟ್ಟಿ ಹೊರಪದರ ನೋಡಲು ಮಾತ್ರ ಸಿಟಿ ಸ್ಕ್ಯಾನೇ ಮೇಲು.

ಸ್ಕ್ಯಾನ್ ನಡೆಯುವಾಗ ಉಗುಳು ನುಂಗಿದರೂ ಚಿತ್ರ ಕದಡುತ್ತದೆ.

ಕೆಲವೊಮ್ಮೆ ಗಲ್ಲ ಉಬ್ಬಿಸಿಕೊಳ್ಳಿ ಅನ್ನುತ್ತಾರೆ. ತಮಾಷೆಯಲ್ಲ, ಅಂಟಿಕೊಂಡ ಗಲ್ಲ ಮತ್ತು ವಸಡು ಬೇರೆಯಾದರೆ ಗಡ್ಡೆ ಯಾವುದರದ್ದೆಂದು ತಿಳಿಯುತ್ತದೆ. ಗುಟ್ಕಾ ಒತ್ತಿಟ್ಟುಕೊಳ್ಳುವ ಸಂದಿಯೂ ಅದೇ! ಕರ್ನಾಟಕ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ. ಈಗ ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಬೆರೆಯುವುದು ಅಂಗೈಯಲ್ಲಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಜಗಿಯುವವರ ಬಾಯಿ ಬಿಗಿದು ಮೂರು ಬೆರಳು ಒಳಗೆ ಹೋಗದಿದ್ದರೆ ಅದನ್ನು ಅಡಿಕೆಯ ಎಚ್ಚರಿಕೆ ಎಂದೇ ತಿಳಿಯಿರಿ.

ಎಂಆರ್‌ಐ ಎಷ್ಟೇ ಚಂದ ತೋರಿಸಲಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತಪಡಿಸುವುದು ಬಯಾಪ್ಸಿ.

ಎರಡು ವಾರ ದಾಟಿದರೂ ಮಾಯದ ಬಾಯಿಹುಣ್ಣನ್ನು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಮೊದಲ ನೋಟಕ್ಕೆ ಅವರಿಗೊಂದು ಟಾರ್ಚು ಸಾಕು.