ಚಿತ್ರದಷ್ಟೇ ದೊಡ್ಡ ನೆಗೆಟಿವ್

ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಗುಡಿಗೋಪುರಗಳನ್ನು ಸೆರೆಹಿಡಿದದ್ದು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ. ಒಂದೊಂದರ ಅಳತೆ ಸುಮಾರು 16 ಇಂಚಿಗೆ 18 ಇಂಚು. ಅಂಥ ಹಾಳೆ ಹಿಡಿಸುವ ಭಾರಿ ಕ್ಯಾಮೆರಾ ಹೊತ್ತು ಬಂಡೆಗಳ ನಡುವೆ ಓಡಾಡಲು ಕಾರಣವಿತ್ತು. ಆಗಿನ ಮುದ್ರಣದಲ್ಲಿ ನೆಗೆಟಿವನ್ನು ರಾಸಾಯನಿಕ ಸವರಿದ ಕಾಗದಕ್ಕೆ ಒತ್ತಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು.

ಸಯನೋಟೈಪ್, ಉಪ್ಪಿನ ಕಾಗದ, ಪ್ಲಾಟಿನಂ, ಗಮ್ ಬೈಕ್ರೋಮೇಟ್ ಎಂಬ ಹಳೆಯ ಮುದ್ರಣ ವಿಧಾನಗಳನ್ನು ಇಂದು ಮತ್ತೆ ಕಲಿಯುತ್ತಿರುವವರಿಗೂ ಇದೇ ನಿಯಮ. ಈ ಕಾಗದಗಳು ನೇರಳಾತೀತ ಕಿರಣಕ್ಕೆ ಮಾತ್ರ ಸರಿಯಾಗಿ ಸ್ಪಂದಿಸುತ್ತವೆ, ಅದೂ ನಿಧಾನವಾಗಿ. ಸಣ್ಣ ನೆಗೆಟಿವನ್ನು ಹಿಗ್ಗಿಸಿ ತೋರಿಸುವ ಎನ್‌ಲಾರ್ಜರಿನ ದೀಪ ಇದಕ್ಕೆ ಸಾಲದು. ರೀಲಿನ ನೆಗೆಟಿವ್ ಇರುವುದು 24 ಮಿ.ಮೀ.ಗೆ 36 ಮಿ.ಮೀ. ಹಾಗಾಗಿ ದೊಡ್ಡ ನೆಗೆಟಿವನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು.

ಹಳೆಯ ದಾರಿ ಎರಡು ಹಂತದ್ದು. ಡಾರ್ಕ್‌ರೂಮಿನಲ್ಲಿ ಸಣ್ಣ ನೆಗೆಟಿವನ್ನು ಫಿಲ್ಮಿನ ಮೇಲೆ ಹಿಗ್ಗಿಸಿದರೆ ಪಾಸಿಟಿವ್ ಸಿಗುತ್ತದೆ. ಅದನ್ನು ಇನ್ನೊಂದು ಫಿಲ್ಮಿಗೆ ಒತ್ತಿ ಬೆಳಕು ಕೊಟ್ಟರೆ ದೊಡ್ಡ ನೆಗೆಟಿವ್. ಆಫ್‌ಸೆಟ್ ಪ್ರೆಸ್ಸಿನ ಲಿತ್ ಫಿಲ್ಮ್ ಇದಕ್ಕೆ ಒದಗುತ್ತಿತ್ತು, ಕೆಂಪು ದೀಪದಲ್ಲೇ ಕೆಲಸ ಮಾಡಬಹುದಿತ್ತು. ಆದರೆ ಅದು ಕಪ್ಪು, ಬಿಳುಪು ಎರಡನ್ನೇ ಬಲ್ಲ ಫಿಲ್ಮ್. ಡೆವಲಪರನ್ನು ಬಹಳ ತೆಳುವಾಗಿಸಿದರೆ ಮಾತ್ರ ನಡುವಿನ ಬೂದು ಛಾಯೆಗಳು ಬರುತ್ತವೆ. ಇಡೀ ಕಸುಬಿನ ಕೈಚಳಕ ಈ ತೆಳುವಿನ ಹದದಲ್ಲೇ ಇತ್ತು ಎಂಬುದು ನನ್ನ ಎಣಿಕೆ.

ಈಗ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಅದಲುಬದಲು ಮಾಡಿ, ಇಂಕ್‌ಜೆಟ್‌ನಿಂದ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸುತ್ತಾರೆ. ಪರದೆಯಲ್ಲಿ ಚಂದ ಕಂಡದ್ದು ಕಾಗದದಲ್ಲಿ ಮಂಕಾಗುವುದುಂಟು. ಅದಕ್ಕೆ ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಛಾಯೆಗಳಿರುವ ಪಟ್ಟಿಯೊಂದನ್ನು ಮೊದಲು ಮುದ್ರಿಸಿ, ಯಾವ ಮೆಟ್ಟಿಲು ಮಾಯವಾಯಿತೆಂದು ನೋಡಿ, ನೆಗೆಟಿವನ್ನು ತಿದ್ದಬೇಕು. ಸಯನೋಟೈಪಿಗೆ ಹೊಂದಿದ ನೆಗೆಟಿವ್ ಉಪ್ಪಿನ ಕಾಗದಕ್ಕೆ ತೆಳುವೆನಿಸುತ್ತದೆ.

ನಮ್ಮ ಕೊಗನೊಳ್ಳಿ, ನಿಪ್ಪಾಣಿ ಕಡೆ ಹೀಗೆ ಫಿಲ್ಮ್ ಒತ್ತಿ ಬೆಳಕು ಕೊಡುವುದು ತೀರಾ ಹೊಸ ವಿದ್ಯೆಯೇನಲ್ಲ. ಲಗ್ನಪತ್ರಿಕೆಯ ಅಕ್ಷರಗಳಿರುವ ಫಿಲ್ಮನ್ನು ಎಮಲ್ಷನ್ ಸವರಿದ ಜಾಲರಿಗೆ ಒತ್ತಿ, ಬೆಳಕು ಕೊಟ್ಟು, ನೀರಲ್ಲಿ ತೊಳೆಯುವುದು ಸ್ಕ್ರೀನ್ ಪ್ರಿಂಟಿಂಗ್‌ನವರ ನಿತ್ಯದ ಕೆಲಸ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪೂ ಹೀಗೆಯೇ. ಹಳದಿ-ಹಸಿರು ಕಾಗದ ಬಿಸಿಲಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ನೀರಿಗೆ ಹಾಕಿದೊಡನೆ ಹಳದಿ ಕರಗಿ ನೀಲಿ ಏಳುತ್ತದೆ.

ಮನೆಯ ಟ್ರಂಕಿನಲ್ಲಿ ಅಜ್ಜ-ಅಜ್ಜಿಯರ ಹಳೆಯ ನೆಗೆಟಿವ್‌ಗಳಿದ್ದರೆ ದಯವಿಟ್ಟು ಎಸೆಯಬೇಡಿ. ಅಂಚು ಹಿಡಿದು ಎತ್ತಿ, ಒಣ ಕಾಗದದ ಲಕೋಟೆಯಲ್ಲಿಡಿ, ಒಮ್ಮೆ ಸ್ಕ್ಯಾನ್ ಮಾಡಿಸಿ. ದೊಡ್ಡ ನೆಗೆಟಿವ್ ಮಾಡಲು ಅಷ್ಟಿದ್ದರೆ ಸಾಕು.